ಗೋಡೆಗೂ ಯಂತ್ರಕ್ಕೂ ಜ್ವರ ನೋಡುವ ಬಗೆ

ಹೋದ ಮಾಘಮಾಸದಲ್ಲಿ ಒಂದು ಲಗ್ನದ ನಿಮಿತ್ತವಾಗಿ ನಾವು ಹಾನಗಲ್ಲ ತಾಲೂಕಿನ ತಿಳವಳ್ಳಿಗೆ ಹೋಗಿದ್ದೆವು. ಲಗ್ನದ ಮನೆಯೆಂದ ಮೇಲೆ ಅಕ್ಕಿ ಬೀಸಿಸುವದು, ಖಾರ ಕುಟ್ಟಿಸುವದು ಇದ್ದೇ ಇರುವವು. ಆ ಕೆಲಸಕ್ಕಾಗಿ ಹಿಟ್ಟಿನ ಗಿರಣಿಗೆ ಹೋದ ಹುಡುಗರು ಬಹಳ ಹೊತ್ತಾದರೂ ಬರಲಿಲ್ಲ. ಕಡೆಗೆ ಅರ್ಧ ಚೀಲ ಹಿಟ್ಟನ್ನು ಹೊತ್ತುಕೊಂಡು ಬಂದು, “ಗಿರಣಿಯವರು ಘಳಿಗಿಗೊಮ್ಮೆ ನಿಲ್ಲಸ್ತಾರ್ರೀ, ಮೋಟಾರು ಮತ್ತ ಸುಟ್ಟೀತು ಅಂತ ಅಂಜ್ಯಾರ” ಎಂದು ಹೇಳಿದರು. ವಿಚಾರಿಸಲಾಗಿ, ಆ ಒಂದೇ ವರ್ಷದಲ್ಲಿ ಎರಡು ಸಲ ಮೋಟಾರು ಸುಟ್ಟು, ಎರಡು ಸಲವೂ ತಂತಿ ಸುತ್ತಿಸಿ ತಂದದ್ದಾಗಿತ್ತು. ಊರಿನವರು ವಿದ್ಯುತ್ತಿನ ಏರಿಳಿತವೇ ಇದಕ್ಕೆ ಕಾರಣವೆಂದು ತೀರ್ಮಾನಿಸಿ ಸುಮ್ಮನಾಗಿದ್ದರು.

ಲಗ್ನಕ್ಕೆ ಬಂದವರಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗನೊಬ್ಬನಿದ್ದನು. ಹುಬ್ಬಳ್ಳಿಯಲ್ಲಿದ್ದುಕೊಂಡು ಕಾರಖಾನೆಗಳ ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸುವದು ಅವನ ಉದ್ಯೋಗ. ಅವನ ಚೀಲದಲ್ಲಿ ಆ ಉದ್ಯೋಗದ ಒಂದು ಸಾಧನವೂ ಇದ್ದಿತು. “ಕಾಕಾ, ಬರ್ರಿ, ಆ ಗಿರಣಿಗೆ ಎಲ್ಲಿ ಜ್ವರಾ ಬಂದೈತಿ ನೋಡಿಕೊಂಡು ಬರೂಣು” ಎಂದು ಅವನು ನಮ್ಮನ್ನು ಎಬ್ಬಿಸಿದನು. ಊಟವಾಗಿ ಮಲಗುವ ಹೊತ್ತು. ಆದರೂ ಕುತೂಹಲವು ನಿದ್ರೆಗಿಂತ ಬಲವಾದದ್ದರಿಂದ ನಾವು ಹೊರಟೆವು.

ಆ ಸಾಧನವು ನೋಡಲಿಕ್ಕೆ ಪಿಸ್ತೂಲಿನಂತಿರುವ ಒಂದು ಕ್ಯಾಮರಾ. ಮುಂದೆ ಕಪ್ಪಗೆ ಹೊಳೆಯುವ ಒಂದು ಮಸೂರ. ಹಿಂದೆ ಅಂಗೈಯಗಲದ ಪರದೆ. ಅದನ್ನು ಯಾವ ವಸ್ತುವಿನ ಕಡೆಗೆ ತಿರುಗಿಸಿದರೂ ಆ ವಸ್ತುವಿನ ಬಣ್ಣವು ಪರದೆಯಲ್ಲಿ ಮೂಡುವದಿಲ್ಲ, ಅದರ ಬಿಸುಪು ಮೂಡುವದು. ತಂಪಾದ ಭಾಗ ನೀಲಿ, ಬೆಚ್ಚಗಿನದು ಕೆಂಪು, ಬಿಸಿಯಾದದ್ದು ಹಳದಿ, ಎಲ್ಲಕ್ಕೂ ಹೆಚ್ಚು ಕಾದದ್ದು ಬಿಳಿ. ಈ ಬಣ್ಣಗಳು ನಿಸರ್ಗದವಲ್ಲ, ನಮ್ಮ ಕಣ್ಣಿನ ಅನುಕೂಲಕ್ಕಾಗಿ ಯಂತ್ರವು ಬಳಿದವುಗಳು. ಗಿರಣಿಯ ಮಾಲಕರು ಇದನ್ನು ಕಂಡು ಮೊದಲು ನಕ್ಕರು. “ಪೆಟ್ಟಿಗೀ ಮುಟ್ಟಿ ನೋಡೇನ್ರಿ, ಬೆಚ್ಚಗ ಐತಿ ಅಷ್ಟ. ಯಾವಾಗಲೂ ಅಷ್ಟ ಇರತೈತಿ” ಎಂದರು.

ಮೊದಲನೆಯ ಚಿತ್ರದಲ್ಲಿ ನಮಗೆ ವಿಶೇಷವೇನೂ ಕಾಣಲಿಲ್ಲ. ಮೇನ್ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆಯ ಮುಚ್ಚಳ ಮುಚ್ಚಿದ್ದಿತು. ಅದರ ಮೇಲಿನ ಒಂದು ಮೂಲೆ ಮಾತ್ರ ಉಳಿದ ಭಾಗಕ್ಕಿಂತ ತುಸು ಕೆಂಪಾಗಿ ತೋರಿತು. ಈ ಕ್ಯಾಮರಾ ಕಬ್ಬಿಣದ ಮುಚ್ಚಳದ ಮೂಲಕ ಒಳಗೆ ನೋಡಲಾರದು. ಮುಚ್ಚಳದ ಮೈ ಎಷ್ಟು ಕಾದಿದೆಯೆಂಬಷ್ಟನ್ನೇ ಹೇಳಬಲ್ಲದು. ಆಗ ಊರ ವಿದ್ಯುತ್ ಕೆಲಸಗಾರನನ್ನು ಕರೆಯಿಸಿದ್ದಾಯಿತು. ಅವನು ರಬ್ಬರಿನ ಕೈಚೀಲ ಹಾಕಿಕೊಂಡು, ಗಿರಣಿ ಭರದಿಂದ ನಡೆಯುತ್ತಿರುವಾಗಲೇ ಮುಚ್ಚಳವನ್ನು ತೆರೆದನು. (ಇದು ಗೃಹಸ್ಥರು ತಾವಾಗಿ ಮಾಡತಕ್ಕ ಕೆಲಸವಲ್ಲ. ಪರವಾನಗಿ ಪಡೆದವನೇ ಮಾಡಬೇಕು. ನಾವಂತೂ ನಾಲ್ಕು ಮಾರು ದೂರ ನಿಂತಿದ್ದೆವು.) ಒಳಗೆ ಸಾಲಾಗಿ ಮೂರು ಫ್ಯೂಜುಗಳು. ಕಣ್ಣಿಗೆ ಮೂರೂ ಒಂದೇ ಸಮ, ಒಂದೇ ಧೂಳು. ಪರದೆಯಲ್ಲಾದರೋ ಅತ್ತ ಇತ್ತ ಇದ್ದವು ಮಂದವಾದ ಕೆಂಪು, ನಡುವಿನದು ಕುಲುಮೆಯಿಂದ ತೆಗೆದ ಕಬ್ಬಿಣದಂತೆ ಬಿಳಿ! ಆ ಎರಡಕ್ಕೆ 41 ಡಿಗ್ರಿ ಸೆಲ್ಸಿಯಸ್ ಎಂದು ಬರೆದಿತ್ತು, ಇದಕ್ಕೆ 74.

ಮಾಲಕರ ನಗೆ ನಿಂತಿತು.

ಈ ಕಾಣದ ಬಿಸಿಯನ್ನು ಕಾಣುವ ವಿದ್ಯೆ ಎಂಥದೆಂದು ವಾಚಕರು ಕೇಳಬಹುದು. ನಮ್ಮ ಕಮ್ಮಾರಸಾಲೆಯಲ್ಲಿಯೇ ಇದಕ್ಕೆ ಅರ್ಧ ಉತ್ತರವುಂಟು. ಕುಲುಮೆಯಲ್ಲಿಟ್ಟ ಕಬ್ಬಿಣವು ಸುಮಾರು 525 ಡಿಗ್ರಿ ಮುಟ್ಟಿದಾಗ ಮಸುಕಾಗಿ ಕೆಂಪಗಾಗಲು ತೊಡಗುವದು. ಇನ್ನೂ ಕಾಯಿಸಿದರೆ ಕೆಂಪು ಹೋಗಿ ಹಳದಿ, ಹಳದಿ ಹೋಗಿ ಬಿಳಿ. ಆದರೆ ಕೆಂಪಗಾಗುವದಕ್ಕೆ ಮುಂಚೆ ಅದು ತಣ್ಣಗಿತ್ತೇನು? 300 ಡಿಗ್ರಿಯ ಕಪ್ಪು ಕಬ್ಬಿಣವನ್ನು ಮುಟ್ಟಿ ಚರ್ಮ ಸುಟ್ಟುಕೊಂಡ ಹುಡುಗನೇ ಇದಕ್ಕೆ ಸಾಕ್ಷಿ. ಆಗಲೂ ಅದರಿಂದ ಬೆಳಕಿನ ಜಾತಿಯ ಕಿರಣಗಳೇ ಹೊರಡುತ್ತಿರುವವು, ನಮ್ಮ ಕಣ್ಣಿಗೆ ಮಾತ್ರ ಅವು ನಿಲುಕುವದಿಲ್ಲ. ಕಬ್ಬಿಣವಷ್ಟೇ ಅಲ್ಲ, ಗೋಡೆ, ಮರ, ಎಮ್ಮೆ, ಕೊಡದ ನೀರು, ಈ ಪತ್ರಿಕೆ ಹಿಡಿದ ಕೈ, ಹೀಗೆ ಎಲ್ಲವೂ ಹಗಲಿರುಳೂ ತಮ್ಮ ತಮ್ಮ ಬಿಸುಪಿಗೆ ತಕ್ಕಂತೆ ಈ ಕಿರಣಗಳನ್ನು ಸೂಸುತ್ತಲೇ ಇರುತ್ತವೆ. ಇವಕ್ಕೆ ಅವಕೆಂಪು ಕಿರಣಗಳೆಂದು ಹೆಸರು. ನಮ್ಮ ಕಣ್ಣಿಗೆ ಗೋಚರವಾಗುವ ಬೆಳಕಿನ ಅಲೆಗಳ ಉದ್ದವು ಮಿಲಿಮೀಟರಿನ ಹತ್ತು ಸಾವಿರ ಭಾಗಗಳಲ್ಲಿ ನಾಲ್ಕರಿಂದ ಏಳು ಭಾಗದಷ್ಟಿದ್ದರೆ, ನಮ್ಮ ಮೈಯಿಂದಲೂ ಗೋಡೆಯಿಂದಲೂ ಹೊರಡುವ ಬಿಸಿಯ ಅಲೆಗಳು ಸುಮಾರು ನೂರು ಭಾಗದಷ್ಟು ಉದ್ದವಾಗಿರುವವು.

ಇವುಗಳ ಸುಳಿವನ್ನು ಮೊದಲು ಹಿಡಿದವನು ವಿಲಿಯಂ ಹರ್ಷೆಲ್. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದು ಪ್ರಸಿದ್ಧನಾದ ಆ ಖಗೋಲಜ್ಞನೇ. ಜರ್ಮನ್ ದೇಶದಲ್ಲಿ ಹುಟ್ಟಿ, ಇಂಗ್ಲಂಡಕ್ಕೆ ಬಂದು, ಸಂಗೀತದಿಂದ ಹೊಟ್ಟೆ ಹೊರೆದು, ರಾತ್ರಿ ದುರ್ಬೀನು ಕಟ್ಟಿದವನು. 1800ರಲ್ಲಿ ಅವನು ಮುಮ್ಮೂಲೆಯ ಗಾಜಿನಿಂದ ಬಿಸಿಲನ್ನು ಏಳು ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ಬಿಸಿಯನ್ನು ಅಳೆಯುತ್ತ ಹೋದನು. ನೇರಿಳೆಯಿಂದ ಕೆಂಪಿನ ಕಡೆಗೆ ಬಿಸಿ ಏರುತ್ತ ಹೋಯಿತು. ಕೆಂಪನ್ನು ದಾಟಿ, ಯಾವ ಬಣ್ಣವೂ ಇಲ್ಲದ ಬರಿಯ ಜಾಗದಲ್ಲಿಟ್ಟ ಮಾಪಕವು ಎಲ್ಲಕ್ಕಿಂತ ಮೇಲೇರಿತು! ಅವನ ಮಗ ಜಾನ್ ಹರ್ಷೆಲನು 1840ರಲ್ಲಿ ಕಾಡಿಗೆ ಬಳಿದ ಕಾಗದವನ್ನು ಮದ್ಯಸಾರದಿಂದ ತೋಯಿಸಿ, ಆ ಕಿರಣಗಳು ಬಿದ್ದಲ್ಲಿ ಕಾಗದವು ಬೇಗ ಒಣಗುವದೆಂಬ ಯುಕ್ತಿಯಿಂದ ಬಿಸಿಯ ಮೊದಲನೆಯ ಚಿತ್ರವನ್ನು ತೆಗೆದನು. ತಂದೆ ಕಂಡದ್ದನ್ನು ಮಗನು ಬರೆದು ತೋರಿಸಿದನೆನ್ನಬಹುದು. 1880ರ ಸುಮಾರಿಗೆ ಅಮೇರಿಕೆಯ ಲ್ಯಾಂಗ್ಲೆಯು ಮಸಿ ಹಿಡಿಸಿದ ಪ್ಲಾಟಿನಮ್ಮಿನ ಸಣ್ಣ ಪಟ್ಟಿಯ ಮೇಲೆ ಆ ಕಿರಣಗಳನ್ನು ಬೀಳಿಸಿ, ಬಿಸಿಯಾದಂತೆ ಪಟ್ಟಿಯು ವಿದ್ಯುತ್ತಿಗೆ ಒಡ್ಡುವ ಅಡ್ಡಿ ಹೆಚ್ಚುವದನ್ನು ಅಳೆದನು. ನಮ್ಮ ಹುಡುಗನ ಕೈಯಲ್ಲಿದ್ದ ಕ್ಯಾಮರಾದಲ್ಲಿಯೂ ಇದೇ ತತ್ವ: ಉಗುರಿನಷ್ಟು ಜಾಗದಲ್ಲಿ ಸಾವಿರಾರು ಸೂಕ್ಷ್ಮವಾದ ಪಟ್ಟಿಗಳನ್ನು ಹೊಲದ ಮಡಿಗಳಂತೆ ಸಾಲಾಗಿ ಕೂಡ್ರಿಸಿರುವರು, ಪ್ರತಿಯೊಂದು ಮಡಿಯೂ ತನ್ನ ಪಾಲಿನ ಬಿಸಿಯನ್ನು ಹೇಳುವದು.

ಸೃಷ್ಟಿಯಲ್ಲಿ ಈ ಕಣ್ಣು ಹೊಸದೇನೂ ಅಲ್ಲ. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿರುವ ಕುಳಿಮಂಡಲ ಹಾವಿಗೆ ಕಣ್ಣು ಮೂಗುಗಳ ನಡುವೆ ಒಂದೊಂದು ಕುಳಿಯುಂಟು. ಕಗ್ಗತ್ತಲೆಯಲ್ಲಿ ಕುಳಿತ ಇಲಿಯ ಮೈಬಿಸಿಯನ್ನು ಅದು ಆ ಕುಳಿಯಿಂದಲೇ ಅರಿಯುವದು. ಇನ್ನು 2020ರಲ್ಲಿ ಮಹಾಮಾರಿ ಬಂದಾಗ ಅಂಗಡಿಯ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಸಾಧನವನ್ನು ಮರೆತವರಾರು? ಅದು ಇದರ ತಮ್ಮನೇ. ಅದು ಒಂದು ಜಾಗದ ಬಿಸಿಯನ್ನು ಹೇಳಿದರೆ ಇದು ಸಾವಿರಾರು ಜಾಗಗಳ ಬಿಸಿಯನ್ನು ಒಮ್ಮೆಲೆ ಚಿತ್ರವಾಗಿ ಬಿಡಿಸುವದು.

ಗಿರಣಿಗೆ ತಿರುಗಿ ಬರೋಣ. ನಡುವಿನ ಫ್ಯೂಜೇ ಯಾಕೆ ಕಾದಿತು? ತಂತಿಯನ್ನು ಬಿಗಿಹಿಡಿಯುವ ತಿರುಪು ಅಲ್ಲಿ ಸಡಿಲಾಗಿದ್ದಿತು. ವಿದ್ಯುತ್ತು ಅಗಲವಾದ ದಾರಿಯಲ್ಲಿ ಹರಿಯುವ ಬದಲು ಕೂದಲಿನಷ್ಟು ಸಂದಿನಲ್ಲಿ ನುಗ್ಗಬೇಕಾಯಿತು. ಹಾಗೆ ನುಗ್ಗುವಲ್ಲಿ ಬಿಸಿ ಹುಟ್ಟುವದು. ಬಿಸಿಯಿಂದ ತಾಮ್ರಕ್ಕೆ ಕಿಲುಬು ಹಿಡಿಯುವದು. ಕಿಲುಬಿನಿಂದ ಅಡ್ಡಿ ಇನ್ನೂ ಹೆಚ್ಚುವದು. ಅಡ್ಡಿಯಿಂದ ಮತ್ತಷ್ಟು ಬಿಸಿ. ಸಾಲಕ್ಕೆ ಬಡ್ಡಿ, ಬಡ್ಡಿಗೆ ಚಕ್ರಬಡ್ಡಿ ಬೆಳೆಯುವ ರೀತಿಯೇ ಇದು. ಕಡೆಗೊಂದು ದಿನ ಆ ದಾರಿ ಪೂರ್ತಿ ಕಡಿದುಹೋಗುವದು. ಆಗ ಮೂರು ಹೆಗಲ ಮೇಲಿದ್ದ ಹೊರೆ ಎರಡೇ ಹೆಗಲಿಗೆ ಬಿದ್ದಂತಾಗಿ, ಉಳಿದ ಎರಡು ತಂತಿಗಳಿಂದ ಮೋಟಾರು ತನ್ನ ಶಕ್ತಿ ಮೀರಿ ವಿದ್ಯುತ್ತನ್ನು ಎಳೆದುಕೊಂಡು ಒಳಗಿನ ಸುರುಳಿ ಸುಡುವದು. ಎರಡು ಸಲ ತಂತಿ ಸುತ್ತಿಸಿದ್ದೂ ವ್ಯರ್ಥವಾಗಿತ್ತು. ರೋಗವಿದ್ದದ್ದು ಪೆಟ್ಟಿಗೆಯ ತಿರುಪಿನಲ್ಲಿ, ಔಷಧ ಕೊಟ್ಟದ್ದು ಮೋಟಾರಿಗೆ!

ಇಲ್ಲಿ ಒಂದು ಲೆಕ್ಕವನ್ನು ನೆನಪಿಡತಕ್ಕದ್ದು. ಹರಿಯುವ ವಿದ್ಯುತ್ತು ಇಮ್ಮಡಿಯಾದರೆ ಜೋಡಣೆಯಲ್ಲಿ ಹುಟ್ಟುವ ಬಿಸಿ ನಾಲ್ಮಡಿಯಾಗುವದು, ಅರ್ಧವಾದರೆ ಕಾಲುಭಾಗಕ್ಕಿಳಿಯುವದು. ಆದುದರಿಂದ ಗಿರಣಿ ನಿಂತಾಗ, ಇಲ್ಲವೆ ಬರಿದೇ ತಿರುಗುವಾಗ ತೆಗೆದ ಚಿತ್ರದಿಂದ ಏನೂ ತಿಳಿಯದು. ಪೂರ್ಣ ಹೊರೆ ಬಿದ್ದಾಗಲೇ ನೋಡಬೇಕು. ಮತ್ತೊಂದು ಮಾತು: ಬರಿಯ 74 ಎಂಬ ಅಂಕೆಗಿಂತ, ಒಂದೇ ತರದ, ಒಂದೇ ಹೊರೆ ಹೊತ್ತ ನೆರೆಯ ಫ್ಯೂಜಿಗಿಂತ ಅದು ಎಷ್ಟು ಹೆಚ್ಚೆಂಬದೇ ಮುಖ್ಯ. ಅಮೇರಿಕೆಯ ವಿದ್ಯುತ್ ಪರೀಕ್ಷಕರ ಸಂಘವು ಇದಕ್ಕೊಂದು ಅಳತೆಯನ್ನು ಗೊತ್ತುಮಾಡಿದೆ. ಅಂತರವು 1ರಿಂದ 3 ಡಿಗ್ರಿಯಾದರೆ ದೋಷವಿರಬಹುದು, ನೋಡಬೇಕು. 4ರಿಂದ 15 ಆದರೆ ಬಹುಶಃ ಇದ್ದೇ ಇದೆ. 15ನ್ನು ಮೀರಿದರೆ ತಡಮಾಡದೆ ಸರಿಪಡಿಸಬೇಕು. ನಮ್ಮ ಗಿರಣಿಯ ಅಂತರ 33. ಅಲ್ಲದೆ ಮೋಟಾರಿನೊಳಗಿನ ತಂತಿಯ ಹೊದಿಕೆಯು ತಾನು ತಾಳಬಲ್ಲ ಬಿಸಿಗಿಂತ ಪ್ರತಿ 10 ಡಿಗ್ರಿ ಹೆಚ್ಚು ಕಾದರೆ ಅದರ ಆಯುಷ್ಯವು ಅರ್ಧಕ್ಕಿಳಿಯುವದೆಂದು ಯಂತ್ರಜ್ಞರಲ್ಲಿ ರೂಢಿಯ ಲೆಕ್ಕವುಂಟು. ಹತ್ತು ವರ್ಷ ಬಾಳತಕ್ಕದ್ದು ಇಪ್ಪತ್ತು ಡಿಗ್ರಿ ಹೆಚ್ಚಿಗೆ ಎರಡೂವರೆ ವರ್ಷಕ್ಕೆ ಮುಗಿಯುವದು.

ಬಿಸಿಯನ್ನು ನೋಡಿ ದೋಷವನ್ನು ತಿಳಿಯುವದು ಈ ಕ್ಯಾಮರಾದಿಂದಲೇ ಸುರುವಾದದ್ದಲ್ಲ. ರೇಲ್ವೆಯವರು ಬಲು ಹಿಂದಿನಿಂದಲೂ ಗಾಡಿ ನಿಂತಲ್ಲಿ ಗಾಲಿಯ ಅಚ್ಚಿನ ಪೆಟ್ಟಿಗೆಗೆ ಅಂಗೈಯ ಹಿಂಭಾಗವನ್ನು ಒಡ್ಡಿ ನೋಡುತ್ತಿದ್ದರು. ಅಚ್ಚು ಕಾದರೆ ಮುರಿದು ಗಾಡಿ ಹಳಿ ತಪ್ಪುವ ಭಯ. ಈಗ ಅದೇ ಕೆಲಸಕ್ಕೆ ಮುಟ್ಟದೆ ಅಳೆಯುವ ಉಷ್ಣಮಾಪಕ ಬಂದಿದೆ. ವಿದ್ಯುತ್ ಗಾಡಿಗಳ ಮೇಲಿನ ತಂತಿಯ ಜೋಡಣೆಗಳನ್ನು ಬಿಸಿಯ ಕ್ಯಾಮರಾದಿಂದ ಪರೀಕ್ಷಿಸುವದುಂಟು. ವಿದ್ಯುತ್ ತಂತಿಗಳನ್ನು ಹೀಗೆ ನೋಡುವ ಉಪಕರಣವನ್ನು ಮೊದಲು ಮಾರಾಟಕ್ಕೆ ತಂದವರು ಸ್ವೀಡನ್ ದೇಶದವರು, 1965ರಲ್ಲಿ. ನಮ್ಮ ನಾಡಿನಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಂದಿನಿಂದ ತಂತಿಗೆ ತಂತಿ ಸೇರಿಸುವ ಜೋಡಣೆಗಳು ಎಷ್ಟು ಬೆಳೆದಿರಬೇಕೆಂಬದನ್ನು ಊಹಿಸಿರಿ, ಒಂದೊಂದೂ ಸಡಿಲಾಗಬಲ್ಲದು. 1999ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದವರು ತಮ್ಮ ದೊಡ್ಡ ಕೇಂದ್ರಗಳಲ್ಲಿ ಇಂಥ ಕ್ಯಾಮರಾಗಳಿಂದ ಕಾದ ಜಾಗಗಳನ್ನು ಹುಡುಕಿಸುವರು. ದೂರದಿಂದಲೇ, ವಿದ್ಯುತ್ತನ್ನು ನಿಲ್ಲಿಸದೆಯೇ ನೋಡಲು ಬರುವದೇ ಇದರ ದೊಡ್ಡ ಗುಣ. ಬೆಂಗಳೂರಿನಲ್ಲಿ 1960ರಿಂದ ಇರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ, ಹೊಸ ಉಪಕರಣಗಳು ಹೊರೆ ಹೊತ್ತಾಗ ಎಷ್ಟು ಕಾಯುವವೆಂಬ ಪರೀಕ್ಷೆಯೂ ನಡೆಯುತ್ತದೆ.

ಹೊಲದ ಟಿ.ಸಿ.ಯ ವಿಷಯವನ್ನು ಹೇಳದೆ ಮುಂದೆ ಹೋಗಲಾಗದು. ಹಾನಗಲ್ಲ, ಹಿರೇಕೆರೂರ, ಶಿಗ್ಗಾಂವಿಗಳ ರೈತರಿಗೆ ‘ಟಿ.ಸಿ. ಸುಟ್ಟಿತು’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳವೆಬಾವಿಯಲ್ಲಿ ನೀರಿದ್ದೂ ಪಂಪು ಎತ್ತದೆ, ಹೊಸ ಟಿ.ಸಿ. ಬರುವ ತನಕ ಶುಂಠಿಯ ಮಡಿಗಳು, ಅಡಿಕೆಯ ಸಸಿಗಳು ಬಿಸಿಲಲ್ಲಿ ಬಾಡುತ್ತ ನಿಲ್ಲುವವು. ಟಿ.ಸಿ. ಸುಡುವದಕ್ಕೆ ಕಾರಣಗಳು ಹಲವು: ತಾಳಬಲ್ಲುದಕ್ಕಿಂತ ಹೆಚ್ಚು ಪಂಪುಗಳು, ಎಣ್ಣೆಯ ಕೊರತೆ, ಸಿಡಿಲು. ಸಡಿಲವಾದ ಜೋಡಣೆಯೂ ಆ ಹಲವುಗಳಲ್ಲೊಂದು, ಮತ್ತು ಬೇಸಿಗೆಗೆ ಮುಂಚೆ ಒಂದು ದಿನ ನೋಡಿ ತಪ್ಪಿಸಬಹುದಾದದ್ದು. ಎಲ್ಲ ಪಂಪುಗಳೂ ನಡೆಯುವ ಹೊತ್ತಿನಲ್ಲಿ, ನೆಲದ ಮೇಲೆ ನಿಂತೇ ಚಿತ್ರ ತೆಗೆಯಬಹುದು. ಹತ್ತೆಂಟು ಪಂಪುಗಳ ರೈತರು ಸೇರಿ ಲೈನ್‌ಮನ್ನನಿಗೆ ಅಂಥ ಚಿತ್ರವನ್ನು ತೋರಿಸಿದರೆ, ‘ಎಲ್ಲಿಯೋ ಏನೋ ಆಗಿದೆ’ ಎಂದು ಹೇಳುವದಕ್ಕಿಂತ ಅದು ನೂರು ಪಾಲು ಮೇಲು.

ಲಗ್ನದ ಮನೆಗೆ ಹಿಂದಿರುಗಿದಾಗ ಈ ಸುದ್ದಿ ನಮಗಿಂತ ಮುಂಚೆಯೇ ಬಂದು ಮುಟ್ಟಿತ್ತು. ಹೆಂಗಸರೆಲ್ಲ ಹುಡುಗನ ಸುತ್ತಲೂ ನೆರೆದರು. ಆದರೆ ಒಬ್ಬ ಹಿರಿಯ ಮುತ್ತೈದೆಯು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು, “ತಮ್ಮಾ, ಅದು ಗ್ವಾಡಿ ಆಚೀಚೆ ಎಲ್ಲಾ ಕಾಣತೈತಂತಲ್ಲೋ, ಮೊದಲು ಅದನ್ನ ಚೀಲದಾಗ ಇಡು” ಎಂದು ಗದರಿಸಿದಳು. ಈ ಸಂಶಯವು ಆಕೆಯೊಬ್ಬಳದೇ ಅಲ್ಲ. ಸಿನೇಮಾದವರು ಹುಟ್ಟಿಸಿದ ತಪ್ಪು ಕಲ್ಪನೆ ಇದು. ಗೋಡೆಯ ಆಚೆಗಿನ ಮನುಷ್ಯನನ್ನು ಈ ಯಂತ್ರವು ತೋರಿಸಲಾರದು. ಗೋಡೆ ಹಾಗಿರಲಿ, ಕಿಟಕಿಯ ಗಾಜಿನ ಆಚೆಗೂ ಇದರ ದೃಷ್ಟಿ ಹಾಯದು. ಉದ್ದವಾದ ಅವಕೆಂಪು ಅಲೆಗಳಿಗೆ ಗಾಜೇ ಒಂದು ಗೋಡೆ. ಆದುದರಿಂದಲೇ ಇದರ ಮಸೂರವನ್ನು ಗಾಜಿನಿಂದ ಮಾಡದೆ ಜರ್ಮೇನಿಯಮ್ ಎಂಬ ಧಾತುವಿನಿಂದ ಮಾಡುವರು. ಆ ಧಾತುವಾದರೋ ನಮ್ಮ ಕಣ್ಣಿಗೆ ಲೋಹದ ಬಿಲ್ಲೆಯಂತೆ ಪೂರ್ತಿ ಮರೆ! ಹುಡುಗನು ಮುತ್ತೈದೆಯ ಕೈಗೇ ಕ್ಯಾಮರಾ ಕೊಟ್ಟು, ಕಪಾಟಿನ ಗಾಜಿನ ಕಡೆಗೆ ಹಿಡಿಯಲು ಹೇಳಿದನು. ಒಳಗಿನ ಬೆಳ್ಳಿಯ ಆರತಿತಟ್ಟೆಯ ಬದಲು ಆಕೆಗೆ ಕಂಡದ್ದು ತನ್ನದೇ ಮುಖದ ಕೆಂಪು ನೆರಳು. ಆ ಮೇಲೆ ಕ್ಯಾಮರಾ ಒಂದು ತಾಸು ನಮ್ಮ ಕೈಗೆ ಬರಲಿಲ್ಲ.

ಆ ತಾಸಿನಲ್ಲಿಯೇ ಇದರ ಮುಖ್ಯವಾದ ಮೋಸವೊಂದು ಬಯಲಾಯಿತು. ಬಚ್ಚಲಲ್ಲಿ ಬಿಸಿನೀರು ತುಂಬಿದ ಹಿತ್ತಾಳೆಯ ಕೊಡವಿದ್ದಿತು, ಹುಣಸೆಹಣ್ಣು ಹಚ್ಚಿ ತೊಳೆದು ಥಳಥಳ ಹೊಳೆಯುವದು. ಪರದೆಯಲ್ಲಿ ಅದು ತಣ್ಣಗೆ ನೀಲಿಯಾಗಿ ತೋರಿತು! ಪಕ್ಕದ ಮಸಿ ಹಿಡಿದ ಹಂಡೆಯು ಹಳದಿಯಾಗಿ ಉರಿಯುತ್ತಿತ್ತು. ಎರಡರಲ್ಲಿಯೂ ನೀರಿನ ಬಿಸಿ ಒಂದೇ. ಹೊಳೆಯುವ ಲೋಹವು ತನ್ನ ಬಿಸಿಯನ್ನು ಕಿರಣವಾಗಿ ಬಿಟ್ಟುಕೊಡುವದರಲ್ಲಿ ಬಲು ಜಿಪುಣ. ಕನ್ನಡಿಯಂತೆ ಇತರ ವಸ್ತುಗಳ ಬಿಸಿಯನ್ನು ಪ್ರತಿಫಲಿಸುವದು. ಮಸಿ, ಮಣ್ಣು, ಮರ, ಬಣ್ಣ ಬಳಿದ ಗೋಡೆ, ಮನುಷ್ಯನ ಚರ್ಮ ಇವು ಉದಾರಿಗಳು. ಗಿರಣಿಯಲ್ಲಿ ನಡುವಿನ ಫ್ಯೂಜಿನ ಪಿಂಗಾಣಿಯು ನಿಜವಾದ ಬಿಸಿಯನ್ನು ಹೇಳಿತು. ತಿರುಪಿನ ಹಿತ್ತಾಳೆಯನ್ನೊಂದನ್ನೇ ನೋಡಿದ್ದರೆ ಸುಳ್ಳು ಕೇಳಿ ಬರುತ್ತಿದ್ದೆವು. ಬಲ್ಲವರು ಹೊಳೆಯುವ ಜಾಗಕ್ಕೆ ಒಂದು ಚೂರು ಕಪ್ಪು ಪಟ್ಟಿಯನ್ನು ಅಂಟಿಸಿ ಅದರ ಬಿಸಿಯನ್ನು ನೋಡುವರು. ಅದೂ ವಿದ್ಯುತ್ತನ್ನು ನಿಲ್ಲಿಸಿ ಅಂಟಿಸಿದ ನಂತರ.

ಮನೆಯ ಯಜಮಾನರಿಗೆ ಬೇರೊಂದು ಚಿಂತೆಯಿತ್ತು. ನಡುಮನೆಯ ಗೋಡೆಯಲ್ಲಿ, ದೇವರಕೋಣೆಗೆ ಹೊಂದಿದಂತೆ, ವರ್ಷವಿಡೀ ತೇವ. ಸುಣ್ಣ ನಿಲ್ಲದು; ಎರಡು ಸಲ ಗಿಲಾಯಿ ಕೆತ್ತಿಸಿ ಮಾಡಿಸಿದ್ದರೂ ಮತ್ತೆ ಉಪ್ಪು ಒಡೆದು ಉದುರುತ್ತಿತ್ತು. ತಿಳವಳ್ಳಿಯದು ಮಲೆನಾಡಿನ ಸೆರಗು, ಮಳೆಗೆ ಬರವಿಲ್ಲ. ಮಾಳಿಗೆಯೇ ಸೋರುವದೆಂದು ನಿರ್ಧರಿಸಿ, ಅದನ್ನು ಕಿತ್ತು ಹೊಸದಾಗಿ ಹಾಕಿಸುವದಕ್ಕೆ ಒಬ್ಬ ಗುತ್ತಿಗೆದಾರನಿಗೆ ಮುಂಗಡವನ್ನೂ ಕೊಡುವವರಿದ್ದರು. ಮಗಳ ಲಗ್ನ ಮುಗಿದ ಬೆನ್ನಿಗೆ ಎರಡು ಲಕ್ಷದ ಖರ್ಚು. ಹುಡುಗನು ಮರುದಿನ ನಸುಕಿನಲ್ಲಿ ಗೋಡೆಯ ಚಿತ್ರವನ್ನು ತೆಗೆದನು. ಗೋಡೆಯೆಲ್ಲ 25 ಡಿಗ್ರಿ. ತೇವದ ಭಾಗ 22. ತೋಯ್ದದ್ದು ಯಾಕೆ ತಂಪಾಗುವದೆಂಬದನ್ನು ಮಣ್ಣಿನ ಗಡಿಗೆಯ ನೀರು ಕುಡಿದವರಿಗೆ ಕಲಿಸಬೇಕಾಗಿಲ್ಲ. ನೀರು ಆರುವಾಗ ಗೋಡೆಯ ಬಿಸಿಯನ್ನು ತನ್ನೊಡನೆ ಒಯ್ಯುವದು.

ಚಿತ್ರ ನೋಡಿದ ಕೂಡಲೆ ಎಲ್ಲರೂ “ನೋಡಿದಿರಾ, ಮಾಳಿಗೆ ಸೋರುವದು ಖರೇ” ಎಂದು ಉದ್ಗರಿಸಿದರು. ಹುಡುಗನು ಮಾತ್ರ ಸುಮ್ಮನೆ ನಿಂತು ಆ ನೀಲಿಯ ಆಕಾರವನ್ನು ನೋಡುತ್ತಿದ್ದನು. ಮಾಳಿಗೆಯಿಂದ ಇಳಿದ ನೀರಾದರೆ ನೀಲಿಯು ಮೇಲೆ ಮೊದಲಾಗಿ ಕೆಳಕ್ಕೆ ಬರಬೇಕು. ಇಲ್ಲಿ ಮೇಲಿನ ಮೂರು ಮೊಳ ಪೂರ್ತಿ ಒಣಗಿ ಬೆಚ್ಚಗಿತ್ತು. ನೀಲಿಯು ಎದೆಯುದ್ದದಲ್ಲಿ ಹುಟ್ಟಿ, ಬಾಲಚಂದ್ರನಂತೆ ಬಾಗಿ, ನೆಲದ ಕಡೆಗೆ ಹರಡಿತ್ತು. ಗೋಡೆಯ ಹಿಂದೇನಿದೆ? ಬಚ್ಚಲು, ಅದೇ ಎತ್ತರದಲ್ಲಿ ಗೋಡೆಯೊಳಗೆ ಹುಗಿದ ನಳದ ಕೊಳವೆ. ಆಗ ಎಲ್ಲರೂ ಕೊಳವೆಯೇ ಕಳ್ಳನೆಂದು ಕೂಗಿದರು. ಹುಡುಗನು ಅದಕ್ಕೂ ಒಪ್ಪಲಿಲ್ಲ. “ಇದು ತಂಪೈತಿ ಅಂತಷ್ಟ ಹೇಳತೈತ್ರಿ. ಯಾಕ ತಂಪೈತಿ ಅನ್ನೂದನ್ನ ನಾವ ಹುಡುಕಬೇಕು” ಎಂದನು. ಗೋಡೆಗೆ ಎರಡು ಮುಳ್ಳು ಚುಚ್ಚಿ ತೇವ ಅಳೆಯುವ ಬೇರೆ ಸಾಧನವನ್ನು ಹಚ್ಚಿ ನೋಡಿದನು. ಬಚ್ಚಲಿನ ನಳಕ್ಕೆ ಮೂರು ದಿನ ನೀರು ಬಿಡಬಾರದೆಂದು ಹೇಳಿ ಊರಿಗೆ ಹೋದನು. ಮೂರು ದಿನದಲ್ಲಿ ನೀಲಿಯು ಅಂಚಿನಿಂದ ಕುಗ್ಗಿದ್ದನ್ನು ನಾವೇ ಚಿತ್ರ ತೆಗೆದು ಕಂಡೆವು. ಕ್ಯಾಮರಾವನ್ನು ಅವನು ನಮ್ಮ ವಶಕ್ಕೆ ಬಿಟ್ಟಿದ್ದನು. ಗೋಡೆಯನ್ನು ಗೇಣಗಲ ಒಡೆದಾಗ ಕೊಳವೆಯ ಮೊಣಕೈಯಲ್ಲಿ ಸೂಜಿಯಷ್ಟು ಬಿರುಕು. ಮಾಳಿಗೆ ಉಳಿಯಿತು, ಎರಡು ಲಕ್ಷವೂ ಉಳಿಯಿತು. ಆದರೆ ಆ ಹುಡುಗನ ಸ್ಥಾನದಲ್ಲಿ, ಚಿತ್ರ ತೆಗೆಯಬಲ್ಲ ಆದರೆ ಓದಲರಿಯದ ಇನ್ನೊಬ್ಬನಿದ್ದರೆ, ಅದೇ ಚಿತ್ರವನ್ನು ಮುಂದಿಟ್ಟು ಮಾಳಿಗೆಯನ್ನು ಕೀಳಿಸುತ್ತಿದ್ದನೆಂಬದರಲ್ಲಿ ನಮಗೆ ಸಂದೇಹವಿಲ್ಲ. ಬಣ್ಣದ ಚಿತ್ರಕ್ಕೆ ಜನ ಬೇಗ ತಲೆದೂಗುವರು.

ಮಾಳಿಗೆಯ ಮೇಲಿನ ತೇವವನ್ನು ನೋಡುವ ಹೊತ್ತೇ ಬೇರೆ. ದಿನವೆಲ್ಲ ಬಿಸಿಲುಂಡ ಮಾಳಿಗೆಯು ಸಂಜೆ ಬೇಗ ತಣಿಯುವದು. ಒಳಗೆ ನೀರು ಹೀರಿದ ಭಾಗವು ಮಾತ್ರ ತಡಮಾಡಿ ತಣಿಯುವದು, ಯಾಕಂದರೆ ನೀರಿನಷ್ಟು ಬಿಸಿಯನ್ನು ಹಿಡಿದಿಡುವ ಪದಾರ್ಥಗಳು ವಿರಳ. ಹೀಗಾಗಿ ನಸುಕಿನ ಗೋಡೆಯಲ್ಲಿ ನೀಲಿಯಾಗಿ ಕಾಣುವ ತೇವವೇ ಮುಸ್ಸಂಜೆಯ ಮಾಳಿಗೆಯಲ್ಲಿ ಕೆಂಪಾಗಿ ಕಾಣುವದು! ಹೊತ್ತನ್ನು ಅರಿಯದೆ ಓದಿದರೆ ಅರ್ಥವೆಲ್ಲ ತಲೆಕೆಳಗು. ಆ ಸಂಜೆ ತಿಳವಳ್ಳಿಯ ಶಾಂತೇಶ್ವರ ದೇವಾಲಯಕ್ಕೆ ಹೋದಾಗ, ಪಡುವಣದ ಕಲ್ಲು ಸೂರ್ಯ ಮುಳುಗಿದ ಮೇಲೂ ಬಿಸಿಲನ್ನು ಬಿಡದೆ ಹಿಡಿದುಕೊಂಡಿದ್ದನ್ನು ಪರದೆಯಲ್ಲಿ ನೋಡುತ್ತ ಬಹಳ ಹೊತ್ತು ನಿಂತೆವು. ಹಳೆಯ ಕಟ್ಟಡಗಳಲ್ಲಿ ಗಿಲಾಯಿಯು ಎಲ್ಲಿ ಗೋಡೆಯನ್ನು ಬಿಟ್ಟಿದೆ, ತೇವವು ಎಲ್ಲಿಂದ ಏರುತ್ತಿದೆ ಎಂಬದನ್ನು ಕಲ್ಲಿಗೆ ಉಳಿ ಮುಟ್ಟಿಸದೆ ಕಂಡುಕೊಳ್ಳಲು ಯುರೋಪಿನ ಜೀರ್ಣೋದ್ಧಾರಕರು ಈ ಕ್ಯಾಮರಾವನ್ನು ಬಳಸುವರು. ನಮ್ಮ ಗುಡಿಗಳಿಗೂ ಇದು ತಕ್ಕದ್ದೆಂದು ನಮ್ಮ ಅಭಿಪ್ರಾಯ.

ಇದು ಬ್ಯಾಡಗಿಯ ಮೆಣಸಿನಕಾಯಿಯ ಶೀತಗೃಹಗಳಲ್ಲಿ ಬಾಗಿಲಿನ ಸಂದಿಯಿಂದ ತಂಪು ಸೋರುವದನ್ನು ತೋರಿಸಬಲ್ಲದು. ಪಾವಗಡದಲ್ಲಿ ಹದಿಮೂರು ಸಾವಿರ ಎಕರೆಯ ಮೇಲೆ ಹಾಸಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನದಂಥ ಸ್ಥಳದಲ್ಲಿ ಒಂದೊಂದೇ ಫಲಕವನ್ನು ಮುಟ್ಟಿ ನೋಡುವದು ಮನುಷ್ಯಮಾತ್ರರಿಂದಾಗದು. ಇಂಥ ವಿಸ್ತಾರಗಳನ್ನು ಡ್ರೋನಿಗೆ ಬಿಸಿಯ ಕ್ಯಾಮರಾ ಕಟ್ಟಿ ಮೇಲಿನಿಂದ ನೋಡುವ ಪದ್ಧತಿ ಬಂದಿದೆ. ಮನೆಯ ಮೇಲೆ ಸೌರಫಲಕ ಹಾಕಿಸಿದವರು ಒಂದನ್ನು ತಿಳಿದಿರಲಿ: ತೆಂಗಿನ ಗರಿಯ ನೆರಳೋ ಹಕ್ಕಿಯ ಹಿಕ್ಕೆಯೋ ಬಹುಕಾಲ ಒಂದೇ ಜಾಗವನ್ನು ಮುಚ್ಚಿದರೆ, ಆ ಬಿಲ್ಲೆಯು ವಿದ್ಯುತ್ತನ್ನು ಹುಟ್ಟಿಸುವ ಬದಲು ನೆರೆಯವರು ಹುಟ್ಟಿಸಿದ್ದನ್ನು ತಿಂದು ಕಾಯುವದು.

ಒಬ್ಬ ರೈತರು ತಮ್ಮ ಮೇವಿನ ಬಣವೆಯನ್ನು ತೋರಿಸಿ, ಹಸಿ ಹುಲ್ಲು ಒಟ್ಟಿದ್ದರಿಂದ ಒಳಗೆ ಕಾದಿರುವದೇನೋ ನೋಡಿರೆಂದು ಕೇಳಿದರು. ಬಣವೆಯ ಮೈ ತಣ್ಣಗೇ ತೋರಿತು. ಆದರೆ ಹುಲ್ಲು ಬಿಸಿಯನ್ನು ಹೊರಗೆ ಬಿಡುವದರಲ್ಲಿ ಕಂಬಳಿಯಿದ್ದಂತೆ; ಹೊಟ್ಟೆಯೊಳಗೆ ಕೆಂಡವಿದ್ದರೂ ಮೈ ತಂಪಾಗಿರಬಹುದು. ಉದ್ದವಾದ ಕಬ್ಬಿಣದ ಸರಳನ್ನು ನಡುವಿಗೆ ತೂರಿ, ಸ್ವಲ್ಪ ಹೊತ್ತು ಬಿಟ್ಟು, ಹಿರಿದು ಮುಟ್ಟಿ ನೋಡುವದೇ ಅಲ್ಲಿ ಸರಿಯಾದ ಪರೀಕ್ಷೆ. ಅವರಿಗೆ ಹಾಗೆಯೇ ಹೇಳಿದೆವು.

ಈ ಕ್ಯಾಮರಾವನ್ನು ಕೊಳ್ಳಬೇಕೇ ಎಂದು ಕೇಳುವ ಗೃಹಸ್ಥರಿಗೆ ನಮ್ಮ ಉತ್ತರ: ಬೇಡ. ಮೊಬೈಲಿಗೆ ಸಿಕ್ಕಿಸುವ ಸಣ್ಣವು ಕೆಲವು ಹತ್ತು ಸಾವಿರ ರೂಪಾಯಿಗಳಿಗೂ, ಕಾರಖಾನೆಯ ಕೆಲಸದವು ಲಕ್ಷಗಳಿಗೂ ಮಾರುವವು. ಒಂದು ಮನೆಗೆ ವರ್ಷಕ್ಕೊಮ್ಮೆ ಬೇಕಾಗುವ ಸಾಧನಕ್ಕೆ ಅಷ್ಟು ಹಣ ಹಾಕುವದು ಸಲ್ಲದು. ಊರಿನ ಸಹಕಾರಿ ಸಂಘವೋ, ನಾಲ್ಕಾರು ಗಿರಣಿಗಳವರೋ ಸೇರಿ, ಓದಬಲ್ಲ ಒಬ್ಬನನ್ನು ವರ್ಷಕ್ಕೊಮ್ಮೆ ಕರೆಯಿಸುವದು ಲೇಸು. ಕರೆಯಿಸುವಾಗ ಗಿರಣಿ ಪೂರ್ಣ ಹೊರೆಯಿಂದ ನಡೆಯುತ್ತಿರಲಿ. ಮನೆಯಲ್ಲಾದರೆ ನೀರು ಕಾಯಿಸುವ ಗೀಜರು, ಮಿಕ್ಸರು, ಇಸ್ತ್ರಿ ಎಲ್ಲವೂ ಅರ್ಧ ತಾಸು ಮೊದಲೇ ನಡೆದಿರಲಿ. ಆ ತನಕ ಮೂಗು ಮತ್ತು ಕಣ್ಣುಗಳು ಇದ್ದೇ ಇವೆ. ಗೀಜರಿನ ಪ್ಲಗ್ಗಿನ ಸುತ್ತ ಪ್ಲಾಸ್ಟಿಕ್ಕು ಕಂದಾಗಿದ್ದರೆ, ಸ್ವಿಚ್ಚು ಹಾಕಿದಾಗ ಮೀನಿನಂತಹ ಸುಟ್ಟ ವಾಸನೆ ಬಂದರೆ, ದೀಪವು ಕಾರಣವಿಲ್ಲದೆ ಮಿಣುಕಿದರೆ, ಅಲ್ಲಿ ಜ್ವರ ಬಂದಿದೆಯೆಂದು ತಿಳಿದು ಮೇನ್ ಸ್ವಿಚ್ಚು ಆರಿಸಿ ಕೆಲಸಗಾರನನ್ನು ಕರೆಯಿಸಬೇಕು.

ಗಿರಣಿಯ ಕಥೆ ಅಷ್ಟಕ್ಕೇ ನಿಂತಿರಲಿಲ್ಲ. ಅಂದೇ ವಿದ್ಯುತ್ತನ್ನು ನಿಲ್ಲಿಸಿ, ಕೆಲಸಗಾರನು ನಡುವಿನ ಫ್ಯೂಜನ್ನು ಕಳಚಿದನು. ತಂತಿಯ ತುದಿ ಕರ್ರಗೆ ಸುಟ್ಟು, ತಿರುಪಿನ ಸುತ್ತ ಹಸಿರು ಕಿಲುಬು ಕಟ್ಟಿದ್ದಿತು. ಸುಟ್ಟಷ್ಟು ತಂತಿಯನ್ನು ಕತ್ತರಿಸಿ, ಹೊಸ ಫ್ಯೂಜು ಕೂಡ್ರಿಸಿ, ಮೂರೂ ತಿರುಪುಗಳನ್ನು ಬಿಗಿದನು. ಎಲ್ಲ ಸೇರಿ ಆದ ಖರ್ಚು ಮುನ್ನೂರ ಐವತ್ತು ರೂಪಾಯಿ. ಲಗ್ನದ ಮನೆಯ ಉಳಿದ ಅಕ್ಕಿಯನ್ನೇ ಸುರಿದು ಅರ್ಧ ತಾಸು ಗಿರಣಿಯನ್ನು ನಡೆಸಿ, ಎರಡನೆಯ ಚಿತ್ರ ತೆಗೆದಾಗ ಮೂರೂ ಒಂದೇ ಕೆಂಪು. ಮಾಲಕರು ಕನ್ನಡಕ ಹಾಕಿಕೊಂಡು ಅಂಕೆಗಳನ್ನು ತಾವೇ ಓದಿದರು. ಆ ಮೇಲೆ ಪೆಟ್ಟಿಗೆಯ ಮುಚ್ಚಳ ಮುಚ್ಚಿಸಿ, ಖಡುವಿನಿಂದ ಅದರ ಮೇಲೆ ‘41 - 74 - 41’ ಎಂದು ಬರೆದು, ಅದರ ಕೆಳಗೆ ‘41 - 42 - 41’ ಎಂದೂ ತಾರೀಖನ್ನೂ ಬರೆದರು. ಮುಂದಿನ ವರ್ಷದ ಸಾಲಿಗೆ ಜಾಗ ಬಿಟ್ಟಿದ್ದಾರೆ.